ಹಿಮಬಿರುಗಾಳಿಯಲ್ಲಿ ಕರೆಂಟ್, ನೀರು, ಗ್ಯಾಸ್ ನಿಂತಾಗ ಮನೆಯೊಳಗೆ ಏನು ಮಾಡಬೇಕು: ಸಮಗ್ರ ಮಾರ್ಗದರ್ಶಿ

ಕರೆಂಟ್ ಹೋದ ಮೊದಲ ಅರ್ಧ ಗಂಟೆ ಯಾರಿಗೂ ಭಯವಾಗುವುದಿಲ್ಲ. ಮನೆ ಇನ್ನೂ ಬೆಚ್ಚಗಿರುತ್ತದೆ. ಫೋನಿನಲ್ಲಿ ಚಾರ್ಜ್ ಇರುತ್ತದೆ. ಈಗ ಬರುತ್ತೆ ಬಿಡು ಅಂದುಕೊಂಡು ಸುಮ್ನೆ ಕೂರುತ್ತೇವೆ. ಆದರೆ ಗೋಡೆಯಲ್ಲಿ, ಪೈಪಿನ ನೀರಿನಲ್ಲಿ, ಕೋಣೆಯ ಗಾಳಿಯಲ್ಲಿ ಇರುವ ಬಿಸಿ ಆಗಲೇ ಹೊರಗೆ ಸೋರಲು ಶುರುವಾಗಿರುತ್ತದೆ. ಆ ಅರ್ಧ ಗಂಟೆಯಲ್ಲಿ ಮಾಡಿಕೊಂಡ ಕೆಲಸ ಮುಂದಿನ ಎರಡು ಮೂರು ದಿನ ನಿಮ್ಮನ್ನು ಕಾಯುತ್ತದೆ.

ಕರೆಂಟ್ ಇಲ್ಲದ ಚಳಿ ಎಷ್ಟು ಗಂಭೀರ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿ, ಕಚೇರಿಗಳಿಗೆ ಕರೆಂಟ್ ಹೋಯಿತು. ರಾಜ್ಯ ಸರ್ಕಾರದ ಲೆಕ್ಕದ ಪ್ರಕಾರವೇ 246 ಜನ ಸತ್ತರು. ಅದರಲ್ಲಿ ಹೆಚ್ಚಿನವರು ಸತ್ತದ್ದು ಚಳಿಯಿಂದ. ಇನ್ನು ಕೆಲವರು ಚಳಿ ತಾಳಲಾರದೆ ಮನೆಯೊಳಗೆ ಬೆಂಕಿ ಮಾಡಿಕೊಂಡು, ಜನರೇಟರ್ ಅಥವಾ ಕಾರು ಓಡಿಸಿ, ವಿಷಗಾಳಿಗೆ ಸಿಕ್ಕಿದರು. ಈ ಎರಡನೇ ಬಗೆಯ ಸಾವನ್ನು ಪೂರ್ತಿ ತಪ್ಪಿಸಬಹುದು. ಈ ಬರಹದಲ್ಲಿ ಅದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಇಡೀ ಮನೆಯನ್ನು ಬೆಚ್ಚಗಿಡುವ ಆಸೆ ಬಿಟ್ಟುಬಿಡಿ. ಒಂದು ಕೋಣೆ, ಅದರೊಳಗಿನ ಜನ, ಒಂದಷ್ಟು ನೀರು, ಇಷ್ಟನ್ನು ಉಳಿಸಿಕೊಂಡರೆ ಸಾಕು. ಫ್ರಿಜ್‌ನಲ್ಲಿರುವ ಪದಾರ್ಥದ ಚಿಂತೆ ಕೊನೆಗೆ.

ಹಂತ 1: ಮುನ್ಸೂಚನೆ ಬಂದ ದಿನ

ಹಿಮಬಿರುಗಾಳಿ ಹೇಳದೆ ಕೇಳದೆ ಬರುವುದು ಕಡಿಮೆ. ಸಾಮಾನ್ಯವಾಗಿ ಒಂದೆರಡು ದಿನ ಮುಂಚೆ ಎಚ್ಚರಿಕೆ ಸಿಗುತ್ತದೆ. ಆ ದಿನ ಅಂಗಡಿಗೆ ಓಡುವ ಮೊದಲು ಮನೆಯೊಳಗೊಂದು ಸುತ್ತು ಹಾಕಿ.

ಮೊದಲು ನೀರಿನ ಮೇನ್ ವಾಲ್ವ್ ಎಲ್ಲಿದೆ ನೋಡಿ. ತಿರುಗಿಸಿಯೂ ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ. ಪೈಪ್ ಒಡೆದು ನೀರು ಚಿಮ್ಮುವಾಗ, ಕತ್ತಲಲ್ಲಿ ಅದನ್ನು ಹುಡುಕುವ ಪಾಡು ಬೇಡ. ಮನೆಯವರೆಲ್ಲರಿಗೂ ಜಾಗ ತೋರಿಸಿ. ಕರೆಂಟಿನ ಬ್ರೇಕರ್ ಪೆಟ್ಟಿಗೆಯದೂ ಹಾಗೆಯೇ.

ಆಮೇಲೆ ಕಾರ್ಬನ್ ಮೊನಾಕ್ಸೈಡ್, ಅಂದರೆ ಮೇಲೆ ಹೇಳಿದ ವಿಷಗಾಳಿ ಪತ್ತೆಹಚ್ಚಿ ಕೂಗುವ ಅಲಾರಂ. ಬ್ಯಾಟರಿಯಲ್ಲಿ ಓಡುವ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು. ಬಟನ್ ಒತ್ತಿ, ಕೂಗುತ್ತದಾ ನೋಡಿ. ನೀವು ಒಂದೇ ಒಂದು ವಸ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ. ಟಾರ್ಚ್ ಕೂಡ ಇದರ ನಂತರ.

ಕುಡಿಯಲು, ಅಡುಗೆಗೆ, ಕೈಬಾಯಿ ತೊಳೆಯಲು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಲೆಕ್ಕದಲ್ಲಿ ಕನಿಷ್ಠ 3 ದಿನದ ನೀರು ತುಂಬಿಡಿ. ಸ್ನಾನದ ತೊಟ್ಟಿ, ಬಕೆಟ್, ದೊಡ್ಡ ಪಾತ್ರೆ ಎಲ್ಲವನ್ನೂ ತುಂಬಿಸಿ. ಅದು ಫ್ಲಶ್‌ಗೆ, ತೊಳೆಯುವುದಕ್ಕೆ. ಕೊಳವೆಬಾವಿಯ ನೀರು ಬಳಸುವವರಿಗೆ ಇದು ಇನ್ನೂ ಮುಖ್ಯ. ಕರೆಂಟ್ ಹೋದರೆ ಮೋಟಾರ್ ನಿಲ್ಲುತ್ತದೆ, ಅದರ ಹಿಂದೆಯೇ ನೀರೂ ನಿಲ್ಲುತ್ತದೆ.

ಫೋನು, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ. ಕಾರಿದ್ದರೆ ಇಂಧನ ತುಂಬಿಸಿ. ಬೇಯಿಸದೆ ತಿನ್ನಬಹುದಾದ ಆಹಾರ, ಮಗುವಿಗೆ ಬೇಕಾದ್ದು, ಒಂದು ವಾರದ ಔಷಧಿ ತೆಗೆದಿಡಿ. ಕೈಯಲ್ಲಿ ಸ್ವಲ್ಪ ನಗದು ಇರಲಿ. ಕರೆಂಟ್ ಇಲ್ಲದ ಕಡೆ ಕಾರ್ಡ್ ನಡೆಯುವುದಿಲ್ಲ.

ಮನೆಯಲ್ಲಿ ಯಾರಾದರೂ ಆಮ್ಲಜನಕದ ಯಂತ್ರ, ಉಸಿರಾಟದ ಯಂತ್ರ, ಅಥವಾ ಬೇರೆ ವಿದ್ಯುತ್ ಉಪಕರಣ ನಂಬಿಕೊಂಡಿದ್ದರೆ ಬಿರುಗಾಳಿ ಬರುವ ತನಕ ಕಾಯಬೇಡಿ. ಕರೆಂಟ್ ಗ್ಯಾರಂಟಿ ಇರುವ ಕಡೆಗೆ ಮುಂಚೆಯೇ ಹೋಗಿಬಿಡಿ. ರಸ್ತೆ ಮುಚ್ಚಿದ ಮೇಲೆ ಆಂಬುಲೆನ್ಸ್ ಕೂಡ ಬರಲಾರದು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಹಾಗೆಯೇ ಆಯಿತು. ತುರ್ತು ಸೇವೆಯ ವಾಹನಗಳೇ ಹಿಮದಲ್ಲಿ ಹೂತುಹೋಗಿದ್ದವು.

ನಮ್ಮದು ಗ್ಯಾಸ್ ಹೀಟಿಂಗ್, ಕರೆಂಟ್ ಹೋದರೇನು ಅನ್ನುವವರು ಒಂದು ಮಾತು ಗಮನಿಸಿ. ಬಿಸಿಗಾಳಿ ಊದುವ ಗ್ಯಾಸ್ ಫರ್ನೇಸ್‌ಗಳಲ್ಲಿ ಬೆಂಕಿ ಹೊತ್ತಿಸುವುದಕ್ಕೂ, ಫ್ಯಾನ್ ತಿರುಗುವುದಕ್ಕೂ, ಥರ್ಮೋಸ್ಟಾಟ್‌ಗೂ ಸಾಮಾನ್ಯವಾಗಿ ಕರೆಂಟೇ ಬೇಕು. ಗ್ಯಾಸ್ ಇದ್ದರೂ ಮನೆ ತಣ್ಣಗಾಗುತ್ತದೆ.

ಹಂತ 2: ಕರೆಂಟ್ ಹೋದ ಮೊದಲ ಗಂಟೆ

ಹೋಗಿದ್ದು ನಿಮ್ಮ ಮನೆಯದು ಮಾತ್ರವಾ, ಅಕ್ಕಪಕ್ಕದವರದೂ ಹೋಗಿದೆಯಾ ನೋಡಿ. ನಿಮ್ಮದು ಮಾತ್ರ ಆಗಿದ್ದರೆ ಬ್ರೇಕರ್ ನೋಡಿ. ಎಲ್ಲರದೂ ಆಗಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಿ. ಪಕ್ಕದವರು ಹೇಳಿರುತ್ತಾರೆ ಅಂತ ಬಿಡಬೇಡಿ.

ಹೀಟರ್, ಓವನ್, ಇಸ್ತ್ರಿ ಪೆಟ್ಟಿಗೆ, ಕಂಪ್ಯೂಟರ್, ಟಿವಿ ಎಲ್ಲ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಒಂದು ದೀಪದ ಸ್ವಿಚ್ ಮಾತ್ರ ಆನ್ ಇರಲಿ, ಕರೆಂಟ್ ಬಂದದ್ದು ಗೊತ್ತಾಗಲು. ಇದಕ್ಕೆ ಮೂರು ಕಾರಣ. ಕರೆಂಟ್ ಮರಳುವಾಗ ವೋಲ್ಟೇಜ್ ಏರಿಳಿದು ಉಪಕರಣ ಸುಡಬಹುದು. ಜೊತೆಗೆ, ತಣ್ಣಗಾದ ಇಡೀ ಬಡಾವಣೆಯ ಹೀಟರ್‌ಗಳು ಒಟ್ಟಿಗೆ ಚಾಲೂ ಆದರೆ ಲೈನ್ ಆ ಭಾರ ತಾಳದೆ ಮತ್ತೆ ಟ್ರಿಪ್ ಆಗಬಹುದು. ಅದಕ್ಕಿಂತ ಮುಖ್ಯ, ಬಟ್ಟೆಯ ಪಕ್ಕ ಮರೆತ ಹೀಟರ್ ನೀವು ಮಲಗಿದ್ದಾಗ ತಾನಾಗಿ ಹೊತ್ತಿಕೊಂಡರೆ ಬೆಂಕಿ ಅನಾಹುತ.

ಮುಂಬಾಗಿಲು ಪದೇ ಪದೇ ತೆಗೆಯಬೇಡಿ. ಫ್ರಿಜ್ ಬಾಗಿಲೂ ಅಷ್ಟೇ.

ಹಂತ 3: ಒಂದು ಕೋಣೆಗೆ ಸೇರಿಕೊಳ್ಳಿ

ಚಿಕ್ಕ ಕೋಣೆ ಆರಿಸಿ. ಹೊರಗೋಡೆ, ಕಿಟಕಿ ಕಡಿಮೆ ಇರುವುದು ಒಳ್ಳೆಯದು. ಹಗಲು ಬಿಸಿಲು ಬೀಳುವ ಕಿಟಕಿ ಒಂದಿದ್ದರೆ ಅದೂ ಲಾಭವೇ. ಬಿಸಿಲಿರುವಾಗ ಪರದೆ ಸರಿಸಿ, ಹೊತ್ತು ಮುಳುಗುವ ಮೊದಲೇ ಮುಚ್ಚಿ. ಪರದೆಯ ಮೇಲೆ ಕಂಬಳಿ ಕಟ್ಟಿ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುತ್ತಿ ತುರುಕಿ. ಬೇರೆ ಕೋಣೆಗಳ ಬಾಗಿಲು ಹಾಕಿಬಿಡಿ.

ನೆಲವನ್ನು ಮರೆಯಬೇಡಿ. ಮೇಲೆ ಹೊದೆಯಲು ನಾಲ್ಕು ಕಂಬಳಿ ಇಟ್ಟುಕೊಂಡು ಕೆಳಗೆ ಬರಿಯ ಹಾಸು ಹಾಕುವವರು ತುಂಬಾ ಜನ. ತಣ್ಣನೆಯ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಕಾರ್ಪೆಟ್, ಹಾಸಿಗೆ, ಸೋಫಾದ ಮೆತ್ತೆ, ಹಳೆ ಪೇಪರ್, ರಟ್ಟು, ಸಿಕ್ಕಿದ್ದೆಲ್ಲ ಕೆಳಗೆ ಹಾಕಿ.

ಸುಮ್ಮನೆ ಕೂತಿರುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಬಿಸಿ ಹೊರಬರುತ್ತದೆ. ನಾಲ್ಕು ಜನ ಒಂದು ಚಿಕ್ಕ ಕೋಣೆಯಲ್ಲಿ ಕೂತರೆ ಅದು ಸಣ್ಣ ಹೀಟರ್‌ಗೆ ಸಮ. ಕೋಣೆಯೊಳಗೆ ಇನ್ನೂ ಚಿಕ್ಕ ಗೂಡು ಮಾಡಿಕೊಂಡರೆ ಮತ್ತೂ ಉತ್ತಮ. ಟೆಂಟ್ ಇದ್ದರೆ ಹಾಸಿಗೆಯ ಮೇಲೆಯೇ ಹಾಕಿ. ಇಲ್ಲದಿದ್ದರೆ ಮೇಜಿನ ಮೇಲಿಂದ ಕಂಬಳಿ ಇಳಿಬಿಡಿ. ಮಕ್ಕಳು ಇದನ್ನು ಆಟ ಅಂತ ಖುಷಿಪಡುತ್ತಾರೆ, ಅವರ ಭಯವೂ ಕಡಿಮೆಯಾಗುತ್ತದೆ. ಒಂದು ವರ್ಷದೊಳಗಿನ ಕೂಸನ್ನು ಮಾತ್ರ ದೊಡ್ಡವರ ಕಂಬಳಿಯ ರಾಶಿಯೊಳಗೆ ಮಲಗಿಸಬೇಡಿ. ಉಸಿರು ಕಟ್ಟುವ ಅಪಾಯವಿದೆ. ಅದಕ್ಕೆ ಪದರ ಪದರವಾಗಿ ಬಟ್ಟೆ ಹಾಕಿ, ಎಚ್ಚರವಿದ್ದಾಗ ಮೈಗೆ ಒತ್ತಿ ಹಿಡಿದುಕೊಳ್ಳಿ.

ಒಂದು ದಪ್ಪ ಕೋಟಿಗಿಂತ ಮೂರು ಸಡಿಲ ಪದರ ಮೇಲು. ಪದರಗಳ ನಡುವೆ ಸಿಕ್ಕಿದ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಟೋಪಿ, ಕಾಲುಚೀಲ ಮಲಗುವಾಗಲೂ ಇರಲಿ. ಒದ್ದೆಯಾದ ಬಟ್ಟೆಯನ್ನು, ಬೆವರಿನಿಂದ ಒದ್ದೆಯಾಗಿದ್ದರೂ ಸರಿ, ಕೂಡಲೇ ಬದಲಿಸಿ.

ಹಂತ 4: ಬೆಂಕಿ ಮತ್ತು ವಿಷಗಾಳಿ

ಇಲ್ಲಿ ಸ್ವಲ್ಪ ನಿಲ್ಲಿ. ಪೂರ್ತಿ ಓದಿ.

ಇದ್ದಿಲು, ಪೆಟ್ರೋಲ್, ಗ್ಯಾಸ್, ಸೌದೆ, ಸೀಮೆಎಣ್ಣೆ ಯಾವುದು ಉರಿದರೂ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನೀವು ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಮಾತ್ರ ಆಮ್ಲಜನಕ ತಲುಪುವುದಿಲ್ಲ. ಮಲಗಿದವರು ಎಚ್ಚರವಾಗದೆಯೇ ಹೋಗಿಬಿಡುತ್ತಾರೆ.

ಅದಕ್ಕೇ ಈ ಕೆಲವನ್ನು ಯಾವ ಕಾರಣಕ್ಕೂ ಮಾಡಬೇಡಿ. ಇದ್ದಿಲ ಒಲೆ ಅಥವಾ ಹೊರಾಂಗಣದ ಗ್ರಿಲ್ ಒಳಗೆ ತರಬೇಡಿ. ಕಿಟಕಿ ತೆಗೆದಿದ್ದೇನೆ ಅಂದರೂ ಬೇಡ. ಗ್ಯಾಸ್ ಓವನ್ ಬಾಗಿಲು ತೆಗೆದು ಚಳಿ ಕಾಯಿಸಬೇಡಿ. ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂರಬೇಡಿ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಹೊಗೆ ಮನೆಯೊಳಗೆ ನುಗ್ಗುತ್ತದೆ. ಹೊರಗೆ ನಿಂತ ಕಾರಿನಲ್ಲಿ ಬಿಸಿ ಕಾಯಿಸಿಕೊಳ್ಳುವುದಾದರೆ, ಮೊದಲು ಹೊಗೆ ಕೊಳವೆಯ ಸುತ್ತ ಇರುವ ಹಿಮ ತೆಗೆಯಿರಿ. ಕೊಳವೆ ಮುಚ್ಚಿದ್ದರೆ ಹೊಗೆ ಕಾರಿನೊಳಗೇ ಬರುತ್ತದೆ.

ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಮನೆಯ ಕಡೆ ಬಾರದಂತೆ ತಿರುಗಿಸಿ ಇಡಿ. ಹತ್ತಿರದಲ್ಲಿ ಬಾಗಿಲು, ಕಿಟಕಿ, ಗಾಳಿಗಿಂಡಿ ಇರಬಾರದು. ವರಾಂಡ, ನೆಲಮಾಳಿಗೆ, ಗ್ಯಾರೇಜ್ ಯಾವುದೂ ಆಗುವುದಿಲ್ಲ. ಇಂಧನ ಹಾಕುವ ಮೊದಲು ಆಫ್ ಮಾಡಿ ಆರಲು ಬಿಡಿ. ಅದರಿಂದ ಹೊರಾಂಗಣಕ್ಕೆಂದೇ ಮಾಡಿದ ದಪ್ಪ ವೈರ್ ಎಳೆದು, ಉಪಕರಣವನ್ನು ನೇರವಾಗಿ ಅದಕ್ಕೆ ಜೋಡಿಸಿ.

ಜನರೇಟರನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಆ ಕರೆಂಟ್ ಹಿಂದಕ್ಕೆ ಹರಿದು ಬೀದಿಯ ಟ್ರಾನ್ಸ್‌ಫಾರ್ಮರ್ ತಲುಪುತ್ತದೆ. ಅಲ್ಲಿ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಅದೇ ಹೊತ್ತಿಗೆ ಕೊರೆಯುವ ಚಳಿಯಲ್ಲಿ, ನಿಮಗೆ ಕರೆಂಟ್ ಕೊಡಲೆಂದೇ ಕಂಬ ಹತ್ತಿದ ಲೈನ್‌ಮನ್ ಅದನ್ನು ಮುಟ್ಟುತ್ತಾನೆ. ಮನೆಯ ವೈರಿಂಗ್‌ಗೆ ಜೋಡಿಸಲೇಬೇಕೆಂದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಚೇಂಜ್‌ಓವರ್ ಸ್ವಿಚ್ (ಬೀದಿಯ ಲೈನ್ ಅಥವಾ ಜನರೇಟರ್, ಒಂದು ಸಲಕ್ಕೆ ಒಂದನ್ನೇ ಮನೆಗೆ ಜೋಡಿಸುವ ಸ್ವಿಚ್) ಹಾಕಿಸಬೇಕು.

ಒಳಗೆ ಬಳಸಲೆಂದೇ ಮಾಡಿದ ಸೀಮೆಎಣ್ಣೆ ಅಥವಾ ಗ್ಯಾಸ್ ಹೀಟರ್ ಇದ್ದರೆ ಅದರ ಸೂಚನೆಯಂತೆ ಬಳಸಿ. ಕಿಟಕಿ ಸ್ವಲ್ಪ ತೆರೆದಿರಲಿ. ಪರದೆ, ಹಾಸಿಗೆ, ಬಟ್ಟೆ 1 ಮೀಟರ್ ದೂರ ಇರಲಿ. ಮಲಗುವ ಮೊದಲು ಆರಿಸಿ. ಅಗ್ಗಿಷ್ಟಿಕೆಯಿದ್ದರೆ ಚಿಮಣಿಯ ಮುಚ್ಚಳ ತೆರೆದಿದೆಯಾ ನೋಡಿ. ಬೂದಿಯನ್ನು ಲೋಹದ ಡಬ್ಬದಲ್ಲಿ ತುಂಬಿ ಮನೆಯಿಂದ ದೂರ ಇಡಿ. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವಂತ ಇರುತ್ತದೆ.

ಫರ್ನೇಸ್ ನಡೆಯುತ್ತಿರುವ ಮನೆಯಲ್ಲೂ ಒಂದು ಕೆಲಸವಿದೆ. ಹೊಸ ಮಾದರಿಯ ಫರ್ನೇಸ್‌ಗಳ ಹೊಗೆ ಕೊಳವೆ ಪಕ್ಕದ ಗೋಡೆಯಿಂದ, ನೆಲಕ್ಕೆ ಹತ್ತಿರದಲ್ಲಿ ಹೊರಬರುತ್ತದೆ. ಹಿಮ ರಾಶಿಯಾಗಿ ಅದು ಮುಚ್ಚಿಹೋಗಬಹುದು. ಆಗಾಗ ನೋಡಿ, ಹಿಮ ಸರಿಸಿ.

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಮಂಪರು. ಜ್ವರವಿಲ್ಲದೆ ಇವು ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ಬಂದರೆ, ಅಥವಾ ಅಲಾರಂ ಕೂಗಿದರೆ, ಯೋಚಿಸುತ್ತ ನಿಲ್ಲಬೇಡಿ. ಎಲ್ಲರೂ ಹೊರಗೆ ಬನ್ನಿ. ಹೊರಗಿಂದಲೇ ತುರ್ತು ಸಹಾಯಕ್ಕೆ ಫೋನ್ ಮಾಡಿ. ಹೊರಗೆ ಚಳಿ ಅಂತ ಒಳಗೆ ವಾಪಸ್ ಹೋಗಬೇಡಿ.

ಗ್ಯಾಸ್ ವಾಸನೆ, ಅಂದರೆ ಕೊಳೆತ ಮೊಟ್ಟೆಯಂಥ ವಾಸನೆ ಬಂದರೂ ಹೀಗೆಯೇ. ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ, ಒಳಗಿಂದ ಫೋನ್ ಮಾಡಬೇಡಿ. ಹೊರಗೆ ಹೋಗಿ ಗ್ಯಾಸ್ ಕಂಪನಿಗೆ ತಿಳಿಸಿ.

ಹಂತ 5: ಪೈಪ್ ಒಡೆಯದಂತೆ ನೋಡಿಕೊಳ್ಳಿ

ನೀರು ಮಂಜುಗಡ್ಡೆಯಾಗುವಾಗ ಸುಮಾರು 9% ಹಿಗ್ಗುತ್ತದೆ. ಗಡ್ಡೆಯೇ ಪೈಪನ್ನು ಒಡೆಯುತ್ತದೆ ಅಂತ ನಾವು ತಿಳಿದಿರುತ್ತೇವೆ, ಅಲ್ವಾ? ನಿಜವಾಗಿ ಹೆಚ್ಚಾಗಿ ನಡೆಯುವುದು ಬೇರೆ. ಗಡ್ಡೆ ಬೆಳೆಯುತ್ತ, ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತದೆ. ಆ ಒತ್ತಡಕ್ಕೆ ಪೈಪ್ ಸೀಳುತ್ತದೆ. ಅದಕ್ಕೇ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟರೆ ಉಪಯೋಗ. ನೀರು ಓಡಾಡುತ್ತದೆ, ಒತ್ತಡಕ್ಕೂ ದಾರಿ ಸಿಗುತ್ತದೆ.

ಹೊರಗಿನ ಉಷ್ಣತೆ ಮೈನಸ್ 6 ಅಥವಾ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ರಕ್ಷಣೆಯಿಲ್ಲದ ಪೈಪ್‌ಗಳಿಗೆ ಅಪಾಯ ಶುರು. ಹೊರಗೋಡೆಗೆ ತಾಗಿದ ಪೈಪ್‌ನ ನಲ್ಲಿಗಳನ್ನು ತಣ್ಣೀರಿನ ಕಡೆಗೂ ಬಿಸಿನೀರಿನ ಕಡೆಗೂ ತೊಟ್ಟಿಕ್ಕಲು ಬಿಡಿ. ಬೀಳುವ ನೀರನ್ನು ಬಕೆಟ್‌ನಲ್ಲಿ ಹಿಡಿದುಕೊಳ್ಳಿ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಹೊರಗಿನ ನಲ್ಲಿಯಿಂದ ಹೋಸ್ ಪೈಪ್ ಬಿಚ್ಚಿ.

ಕರೆಂಟ್ ಬೇಗ ಬರುವುದಿಲ್ಲ ಅನ್ನುವುದು ಖಾತ್ರಿಯಾದರೆ, ಅಥವಾ ಮನೆ ಬಿಟ್ಟು ಹೋಗುತ್ತಿದ್ದರೆ, ಪೈಪ್ ಪೂರ್ತಿ ಖಾಲಿ ಮಾಡುವುದೇ ಸರಿ. ಈ ಕ್ರಮದಲ್ಲಿ ಮಾಡಿ:

1. ಕುಡಿಯುವ ನೀರು, ಬಳಕೆಯ ನೀರು ತುಂಬಿಟ್ಟುಕೊಳ್ಳಿ.
2. ನೀರು ಕಾಯಿಸುವ ಹೀಟರಿನ ಬ್ರೇಕರ್ ಆಫ್ ಮಾಡಿ. ಗ್ಯಾಸ್ ಹೀಟರಾದರೆ ಗ್ಯಾಸ್ ಬಂದ್ ಮಾಡಿ. ಖಾಲಿ ಟ್ಯಾಂಕ್ ಕಾದರೆ ಸುಟ್ಟುಹೋಗುತ್ತದೆ.
3. ಮೇನ್ ವಾಲ್ವ್ ಮುಚ್ಚಿ.
4. ಮೇಲಿನ ಮಹಡಿಯ ನಲ್ಲಿಗಳನ್ನು ತೆರೆಯಿರಿ. ಆಮೇಲೆ ಮನೆಯ ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆಯಿರಿ. ಮೇಲಿಂದ ಗಾಳಿ ಒಳಬಂದು ಕೆಳಗಿಂದ ನೀರು ಇಳಿಯುತ್ತದೆ.
5. ಕಮೋಡ್ ಫ್ಲಶ್ ಮಾಡಿ ತೊಟ್ಟಿ ಖಾಲಿ ಮಾಡಿ.

ಮನೆಗೆಲ್ಲ ಬಿಸಿನೀರಿನ ರೇಡಿಯೇಟರ್ ಇದ್ದರೆ ಅದರ ಪೈಪ್ ಬೇರೆ ವ್ಯವಸ್ಥೆ. ಅದನ್ನು ತಿಳಿದವರನ್ನು ಕೇಳದೆ ಮುಟ್ಟಬೇಡಿ.

ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಪೈಪ್ ಮೇಲೆ ಮಂಜು ಕಟ್ಟಿದೆ ಎಂದರೆ ಅಲ್ಲಿ ಗಡ್ಡೆಯಾಗಿದೆ. ನಲ್ಲಿ ತೆರೆದಿಟ್ಟು, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ. ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಹಿಂದಿನಿಂದ ಶುರುಮಾಡಿದರೆ ಕರಗಿದ ನೀರಿಗೆ ದಾರಿಯಿರುವುದಿಲ್ಲ. ಬೆಂಕಿ ಹಿಡಿಯಲೇಬೇಡಿ. ಗೋಡೆಯೊಳಗೆ ಕಿಡಿ ಹೊಕ್ಕರೆ ಕಾಣುವುದೇ ಇಲ್ಲ.

ಹಂತ 6: ನೀರು, ಶೌಚ, ಊಟ

ನಲ್ಲಿ ನೀರನ್ನು ಕುದಿಸಿ ಕುಡಿಯಿರಿ ಎಂಬ ಸೂಚನೆ ಬಂದರೆ, ಚೆನ್ನಾಗಿ ಗುಳ್ಳೆ ಏಳುತ್ತ 1 ನಿಮಿಷ ಕುದಿಯಬೇಕು. ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿದ್ದರೆ 3 ನಿಮಿಷ. ಹಿಮ ಕರಗಿಸಿಯೂ ನೀರು ಮಾಡಬಹುದು. ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಹಾಕಿ, ಹಿಮವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಇಲ್ಲದಿದ್ದರೆ ತಳ ಹತ್ತುತ್ತದೆ. ಒಂದು ಪಾತ್ರೆ ತುಂಬ ಹಿಮ ಕರಗಿದರೆ ಸಿಗುವ ನೀರು ತುಂಬ ಕಡಿಮೆ, ಹತ್ತರಲ್ಲಿ ಒಂದು ಪಾಲಿನಷ್ಟಿರಬಹುದು. ಆದಷ್ಟು ಇದು ಫ್ಲಶ್‌ಗೇ ಇರಲಿ. ಕುಡಿಯುವುದಾದರೆ ಕುದಿಸಲೇಬೇಕು. ಬಾಯಾರಿಕೆಗೆ ಹಿಮ ತಿನ್ನಬೇಡಿ, ಅದನ್ನು ಕರಗಿಸಲು ಮೈಯ ಬಿಸಿಯೇ ಖರ್ಚಾಗುತ್ತದೆ.

ನೀರು ನಿಂತರೂ ಕಮೋಡ್ ಬಳಸಬಹುದು. ಅರ್ಧ ಬಕೆಟ್ ನೀರನ್ನು ರಭಸವಾಗಿ ಸುರಿದರೆ ಸಾಕು.

ಇನ್ನು ಊಟ. ಬಾಗಿಲು ತೆಗೆಯದ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಹೊರಗೆ ಇಷ್ಟೊಂದು ಹಿಮವಿದೆಯಲ್ಲ, ಅಲ್ಲೇ ಇಟ್ಟರಾಯಿತು ಅನ್ನಿಸುತ್ತದೆ. ಆದರೆ ಬಿಸಿಲು ಬಿದ್ದರೆ ಕೆಡುತ್ತದೆ, ಪ್ರಾಣಿಗಳೂ ಬರುತ್ತವೆ. ಅದರ ಬದಲು ಡಬ್ಬಗಳಲ್ಲಿ ನೀರು ತುಂಬಿ ಹೊರಗಿಟ್ಟು ಗಡ್ಡೆ ಮಾಡಿ, ಅದನ್ನು ತಂದು ಫ್ರಿಜ್‌ನೊಳಗೆ ಇಡಿ. 4 ಡಿಗ್ರಿಗಿಂತ ಮೇಲೆ 2 ಗಂಟೆಗೂ ಹೆಚ್ಚು ಹೊತ್ತು ಉಳಿದ ಹಾಲು, ಮಾಂಸ, ಬೇಯಿಸಿದ ಪದಾರ್ಥವನ್ನು ರುಚಿ ನೋಡದೆ ಎಸೆಯಿರಿ. ಹೊಟ್ಟೆ ತುಂಬ ತಿನ್ನಿ, ಮೈ ಬಿಸಿ ಹುಟ್ಟಿಸುವುದು ಅದರಿಂದಲೇ.

ಇನ್ಸುಲಿನ್ ಇಟ್ಟುಕೊಂಡವರಿಗೆ ಚಳಿಗಾಲದ ಅಪಾಯವೇ ಬೇರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಮನೆ ಕೊರೆಯುತ್ತಿದ್ದರೆ ಅದನ್ನು ಬಟ್ಟೆಯ ಒಳಪದರದ ಜೇಬಿನಲ್ಲಿಟ್ಟುಕೊಳ್ಳಿ.

ಹಂತ 7: ಬೆಳಕು ಮತ್ತು ಫೋನ್

ಮೇಣದಬತ್ತಿ ಬೇಡ. ಕಂಬಳಿಗಳೇ ತುಂಬಿದ ಕೋಣೆಯಲ್ಲಿ ಅದು ಬೀಳಲು ಒಂದು ಕ್ಷಣ ಸಾಕು. ಹಣೆಗೆ ಕಟ್ಟಿಕೊಳ್ಳುವ ಟಾರ್ಚ್ ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತವೆ. ಟಾರ್ಚ್ ಮೇಲೆ ನೀರಿನ ಬಿಳಿ ಕ್ಯಾನ್ ಇಟ್ಟರೆ ಕೋಣೆಗೆಲ್ಲ ಮೃದುವಾದ ಬೆಳಕು ಬರುತ್ತದೆ.

ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ಮೈಗೆ ಹತ್ತಿರ ಇಟ್ಟುಕೊಳ್ಳಿ. ಪರದೆಯ ಬೆಳಕು ಕಡಿಮೆ ಮಾಡಿ, ವಿಡಿಯೋ ನಿಲ್ಲಿಸಿ. ಮನೆಯಲ್ಲಿ ಒಂದು ಫೋನ್ ಮಾತ್ರ ಆನ್ ಇರಲಿ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಜಾಸ್ತಿ. 20,000 ಎಂಎಎಚ್ ಪವರ್ ಬ್ಯಾಂಕಿನಿಂದ ಒಂದು ಫೋನನ್ನು ಮೂರು ಸಲದಷ್ಟು ತುಂಬಿಸಬಹುದು. ಅದನ್ನು ನೋಡಿಕೊಂಡು ಖರ್ಚು ಮಾಡಿ.

ಹಂತ 8: ಮೈ ಹೇಳುವುದನ್ನು ಗಮನಿಸಿ

ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಮೊದಲು ನಡುಕ. ಆಮೇಲೆ ಮಾತು ತೊದಲುತ್ತದೆ, ಕೈಯಿಂದ ವಸ್ತು ಜಾರುತ್ತದೆ, ಗೊಂದಲ, ನಿದ್ದೆ. ನಡುಕ ನಿಂತಿತು ಅಂತ ಸಮಾಧಾನ ಪಡಬೇಡಿ. ಇನ್ನೂ ಚಳಿಯಲ್ಲಿರುವವರ ನಡುಕ ನಿಂತರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಅರ್ಥ. ಇದು ಬಂದವರಿಗೆ ತಮಗೇ ಗೊತ್ತಾಗುವುದಿಲ್ಲ. ಅದಕ್ಕೆ ಒಬ್ಬರನ್ನೊಬ್ಬರು ಮಾತನಾಡಿಸುತ್ತಿರಿ, ವಯಸ್ಸಾದವರನ್ನು ರಾತ್ರಿಯೂ ಎಬ್ಬಿಸಿ ನೋಡಿ. ಕೂಸಿನಲ್ಲಿ ನಡುಕ ಕಾಣದೇ ಇರಬಹುದು. ಮೈ ತಣ್ಣಗೆ, ಕೆಂಪಗೆ ಇದ್ದು, ಕೂಸು ಮಂಕಾಗಿದ್ದರೆ ಅದೇ ಗುರುತು.

ಕೂಡಲೇ ವೈದ್ಯರ ಸಹಾಯ ಕೇಳಿ. ಒದ್ದೆ ಬಟ್ಟೆ ತೆಗೆದು ಎದೆ, ಕುತ್ತಿಗೆ, ತಲೆ, ತೊಡೆಸಂದು ಮೊದಲು ಬೆಚ್ಚಗೆ ಮಾಡಿ. ಕೈಕಾಲು ಆಮೇಲೆ. ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಮದ್ಯ ಕೊಡಬೇಡಿ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಮೈಯ ಬಿಸಿಯನ್ನು ಇನ್ನಷ್ಟು ಹೊರಬಿಡುತ್ತದೆ. ಬೆರಳು, ಕಿವಿ, ಮೂಗು ಬಿಳಿಚಿಕೊಂಡು ಮರಗಟ್ಟಿದ್ದರೆ ಉಜ್ಜಬೇಡಿ. ಬೆಂಕಿಗೂ ಹಿಡಿಯಬೇಡಿ. ಉಗುರುಬೆಚ್ಚನೆಯ ನೀರಿನಲ್ಲಿ ಇಡಿ.

ಮನೆ ತಡೆಯಲಾರದಷ್ಟು ತಣ್ಣಗಾಗಿದ್ದು, ರಸ್ತೆ ಇನ್ನೂ ತೆರೆದಿದ್ದರೆ, ಕತ್ತಲಾಗುವ ಮೊದಲೇ ಆಶ್ರಯ ಕೇಂದ್ರಕ್ಕೋ ಕರೆಂಟ್ ಇರುವ ಪರಿಚಿತರ ಮನೆಗೋ ಹೋಗಿ. ಸಂಕೋಚ ಬೇಡ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹೆಪ್ಪುಗಟ್ಟುವ ಮಳೆಗೆ ವಿದ್ಯುತ್ ಗೋಪುರಗಳೇ ಕುಸಿದವು. ಕೆಲವರ ಮನೆಗೆ ಕರೆಂಟ್ ಬರಲು ಒಂದು ತಿಂಗಳೇ ಹಿಡಿಯಿತು. ಕಾದು ನೋಡೋಣ ಅನ್ನುವುದು ಎಲ್ಲ ಸಲವೂ ಸರಿಯಾದ ನಿರ್ಧಾರ ಅಲ್ಲ. ಹೊರಟಾಗ ಬಿದ್ದ ತಂತಿ ಕಂಡರೆ ಕನಿಷ್ಠ 10 ಮೀಟರ್ ದೂರ ಇರಿ. ಕರೆಂಟ್ ಹೋಗಿದೆ ಅಂತ ತಂತಿಯಲ್ಲಿ ಜೀವವಿಲ್ಲ ಎಂದುಕೊಳ್ಳಬೇಡಿ.

ಹಂತ 9: ಕರೆಂಟ್ ಬಂದ ಮೇಲೆ

ಕೆಲವು ನಿಮಿಷ ತಡೆಯಿರಿ. ಮೊದಲು ಹೀಟಿಂಗ್, ಆಮೇಲೆ ಫ್ರಿಜ್, ಉಳಿದವು ಒಂದೊಂದಾಗಿ. ಗ್ಯಾಸ್ ಸರಬರಾಜು ನಿಂತು ಮತ್ತೆ ಬಂದಿದ್ದರೆ ನೀವೇ ಹೊತ್ತಿಸಲು ಹೋಗಬೇಡಿ, ಕಂಪನಿಯವರು ಬರಲಿ.

ಒಡೆದ ಪೈಪ್ ಗಡ್ಡೆಯಾಗಿರುವಾಗ ಸೋರುವುದಿಲ್ಲ. ಮನೆ ಬೆಚ್ಚಗಾಗಿ ಗಡ್ಡೆ ಕರಗಿದಾಗಲೇ ನೀರು ಚಿಮ್ಮುವುದು, ಎಷ್ಟೋ ಸಲ ಮಾರನೆಯ ದಿನ. ಆದ್ದರಿಂದ ಮೇನ್ ವಾಲ್ವ್ ನಿಧಾನಕ್ಕೆ, ಸ್ವಲ್ಪವೇ ತೆರೆಯಿರಿ. ಒಬ್ಬರು ವಾಲ್ವ್ ಹತ್ತಿರ ನಿಲ್ಲಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಮನೆ ಸುತ್ತಲಿ. ನಲ್ಲಿಗಳಿಂದ ಗಾಳಿ ಹೋಗಿ ನೀರು ಸರಾಗವಾಗಿ ಬಂದ ಮೇಲೆ ಒಂದೊಂದಾಗಿ ಮುಚ್ಚಿ. ಟ್ಯಾಂಕ್ ತುಂಬಿದ ಮೇಲೆಯೇ ನೀರಿನ ಹೀಟರ್ ಆನ್ ಮಾಡಿ. ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ಮುಳ್ಳು ಇನ್ನೂ ತಿರುಗುತ್ತಿದ್ದರೆ ಗೋಡೆಯೊಳಗೆಲ್ಲೋ ಸೋರುತ್ತಿದೆ. ವಾಲ್ವ್ ಮತ್ತೆ ಮುಚ್ಚಿ, ಪ್ಲಂಬರ್ ಕರೆಯಿರಿ.